ನೀರಳ್ವಿ

ಹರ್ಷದಾ ಕಂಪನಿಯ ಕೆಲಸ ಮುಗಿಸಿ ಇಂಗ್ಲೆಂಡಿನಿಂದ ಬಂದ ದಿನ ಸೂಟ್‌ಕೇಸು ಬಿಚ್ಚಿದ್ದು ಹಾಲ್‌ನ ನಡುವೆ, ಎಲ್ಲರ ಎದುರಿಗೆ. ಮಾವನಿಗೆ ಉಣ್ಣೆಯ ಸ್ವೆಟರು, ಅತ್ತೆಗೆ ಮೆತ್ತನೆಯ ಶಾಲು, ಗಂಡ ನಚಿಕೇತನಿಗೆ ಕೈಗಡಿಯಾರ, ಮನೆಗೆಲಸದ ಸಾಬಮ್ಮನ ಮಕ್ಕಳಿಗೆ ಚಾಕೊಲೇಟು. ಎಲ್ಲ ಹಂಚಿದ ಮೇಲೆ ತಳದಲ್ಲಿ ಒಂದು ಕಾಗದದ ಪೊಟ್ಟಣ ಉಳಿಯಿತು. ಅದನ್ನು ಆಕೆ ಯಾರಿಗೂ ತೋರಿಸದೆ ತನ್ನ ಕೋಣೆಗೆ ಒಯ್ದಳು. ಅತ್ತೆ ತುಳಸಾಬಾಯಿ ಶಾಲನ್ನು ಮಡಿಲಲ್ಲಿ ಇಟ್ಟುಕೊಂಡು ಆ ಪೊಟ್ಟಣ ಹೋದ ದಾರಿಯನ್ನೇ ನೋಡಿದರು.

ಮುಂದಿನ ವಾರ ಅಡಿಗೆಮನೆಯ ಹಿಂದಿನ ಬಾಲ್ಕನಿಗೆ ಎರಡು ಅಗಲವಾದ ಪ್ಲಾಸ್ಟಿಕ್ ಟಬ್ಬುಗಳು ಬಂದವು. ಅವುಗಳ ತುಂಬ ಪುಟ್ಟ ಪುಟ್ಟ ಕುಂಡ, ಕುಂಡಗಳಲ್ಲಿ ಆ ಪೊಟ್ಟಣದ ಬೀಜ, ಕುಂಡದ ಸೊಂಟದ ತನಕ ನೀರು. ನೀರು ನಿಂತಲ್ಲೇ ಕೊಳೆಯಬಾರದೆಂದು ಮೀನಿನ ತೊಟ್ಟಿಗೆ ಹಾಕುವ ಪಂಪೊಂದು ಹಗಲೆಲ್ಲ ಗುಳುಗುಳು ಅನ್ನುತ್ತಿತ್ತು. ಅದರ ವೈರು ಅಡಿಗೆಮನೆಯ ಕಿಟಕಿಯಿಂದ ಒಳಗೆ ಬಂದು ಮಿಕ್ಸರಿನ ಪ್ಲಗ್ಗನ್ನೇ ಹಿಡಿದಿತ್ತು.

"ಏನು ಹಾಕೀಯವಾ ಇದರಾಗ?" ತುಳಸಾಬಾಯಿ ಕೇಳಿದರು.

"ವಾಟರ್‌ಕ್ರೆಸ್ ಅಂತರಿ ಅತ್ತಿ. ನೀರಾಗ ಬೆಳಿಯೋ ಸೊಪ್ಪು. ಹಸೀದೇ ತಿಂತಾರ. ಸಾಸಿವಿಯಂಗ ಖಾರ ಇರ್ತದ. ಅಲ್ಲೆ ಇದ್ದಾಗ ದಿನಾ ತಿಂದು ರೂಢಿ ಆಗೇದ."

"ಇಲ್ಲೇನು ಮೆಂತ್ಯ, ರಾಜಗಿರಿ ಸಿಗಂಗಿಲ್ಲೇನು?"

"ಸಿಗ್ತಾವರಿ." ಹರ್ಷದಾ ಒದ್ದೆ ಕೈ ಒರೆಸಿಕೊಂಡಳು. "ಒಂದು ಮಾತು ಅತ್ತಿ. ಮಾವನವರಿಗೆ ಮಾತ್ರ ಇದು ಬ್ಯಾಡ್ರಿ. ಅವರ ಗುಳಿಗಿಗೆ ಇದು ಆಗಿಬರಂಗಿಲ್ಲ."

ಮಾವ ಜಯತೀರ್ಥರಾಯರು ಸರ್ವೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಹಿಂದಿನ ವರ್ಷ ಅವರ ಎದೆ ತೆರೆದು ಹೃದಯಕ್ಕೆ ಲೋಹದ ಕವಾಟ ಕೂರಿಸಿದ್ದರು. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ದಿನಾ ಸಂಜೆ ಒಂದು ಗುಳಿಗೆ, ತಿಂಗಳಿಗೊಮ್ಮೆ ರಕ್ತದ ಪರೀಕ್ಷೆ. ಆ ಕವಾಟದ ಸಲುವಾಗಿಯೇ ಕಾಚಿಗುಡದ ಹಳೆಯ ಬಾಡಿಗೆ ಮನೆ ಬಿಟ್ಟು ಮಗನ ಫ್ಲ್ಯಾಟಿಗೆ, ಅದೇ ತೆಲುಗು ಊರಿನ ಇನ್ನೊಂದು ತುದಿಯ ಮಣಿಕೊಂಡಕ್ಕೆ ಬಂದಿದ್ದರು. ಸುತ್ತ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿತ್ತು. ಕಿಟಕಿ ತೆರೆದರೆ ಸಿಮೆಂಟಿನ ಧೂಳು. ನಚಿಕೇತ, ಹರ್ಷದಾ ಇಬ್ಬರೂ ಬೆಳಿಗ್ಗೆ ಕಂಪನಿಯ ಕ್ಯಾಬು ಹತ್ತಿ ಗಚ್ಚಿಬೌಲಿಗೆ ಹೋದರೆ ದೀಪ ಹಚ್ಚಿದ ಮೇಲೆಯೇ ತಿರುಗಿ ಬರುವುದು. ಗುಳಿಗೆಯ ಡಬ್ಬಿ ತುಂಬುವುದು, ಪರೀಕ್ಷೆಗೆ ಕರೆದೊಯ್ಯುವುದು ಎಲ್ಲ ಹರ್ಷದಾಳ ಕೆಲಸ. ಮೂವತ್ತೈದು ವರ್ಷ ಗಂಡನ ತಟ್ಟೆ, ಲೋಟ, ಔಷಧ ನೋಡಿಕೊಂಡ ತುಳಸಾಬಾಯಿಯ ಕೈಯಿಂದ ಅದು ಯಾವಾಗ ಜಾರಿತೋ ಅವರಿಗೇ ತಿಳಿದಿರಲಿಲ್ಲ.

ಸೊಪ್ಪು ಬೆಳೆಯಿತು. ಗುಂಡು ಗುಂಡಾದ ಕಪ್ಪುಹಸಿರು ಎಲೆ, ಟೊಳ್ಳು ದಂಟು. ದಂಟಿನ ಗಿಣ್ಣಿಗೆ ಗಿಣ್ಣಿಗೆ ಬಿಳಿಯ ಬೇರು ನೀರಿಗೆ ಇಳಿದಿದ್ದವು. ದಿನ ಬಿಟ್ಟು ದಿನ ಹರ್ಷದಾ ಕತ್ತರಿ ಹಿಡಿದು ತುದಿ ತುದಿ ಕತ್ತರಿಸಿ, ತೊಳೆದು, ಒಂದು ಡಬ್ಬಿ ತುಂಬಿಕೊಂಡು ಆಫೀಸಿಗೆ ಒಯ್ಯುತ್ತಿದ್ದಳು.

"ಅಷ್ಟೂ ನೀನೇ ತಿಂತಿಯೇನು?"

"ಟೀಮಿನ್ಯಾಗ ಎಲ್ಲಾರೂ ತಿಂತಾರ್ರಿ."

"ಊರ ಮಂದಿಗೆ ಆಗಿಬರ್ತದ. ಮನೀ ಹಿರೇರಿಗೆ ಆಗಿಬರಂಗಿಲ್ಲ."

"ಅತ್ತಿ, ನಿಮಗ ಬೇಕಾದ್ರ ಕೊಡ್ತೀನಿ. ಮಾವನವರಿಗೆ ಬ್ಯಾಡ ಅಂದದ್ದು."

"ನನಗೊಬ್ಬಾಕಿಗೆ ಯಾಕ ಬೇಕವಾ."

ನೀರಿನ ಜಗಳವೂ ಇತ್ತು. ಬೋರು ಬತ್ತಿ ಅಪಾರ್ಟ್‌ಮೆಂಟಿಗೆ ಟ್ಯಾಂಕರು ಬರುತ್ತಿತ್ತು. ನೀರು ಬಿಡುವ ಹೊತ್ತಿಗೆ ತುಳಸಾಬಾಯಿ ಕೊಡ, ಬಕೆಟ್ಟು, ಪಾತೇಲಿ ಎಲ್ಲ ತುಂಬಿಡುತ್ತಿದ್ದರು. ಅದರಲ್ಲೇ ಟಬ್ಬಿಗೆ ಎರಡು ಬಕೆಟ್ಟು ಹೋಗುತ್ತಿತ್ತು. "ಹಳೇ ನೀರಿನಿಂದ ಸಾಬಮ್ಮ ನೆಲ ಒರಸ್ತಾಳಲ್ರಿ, ಏನೂ ದಂಡ ಆಗಂಗಿಲ್ಲ" ಅನ್ನುತ್ತಿದ್ದಳು ಹರ್ಷದಾ. ಎಲ್ಲದಕ್ಕೂ ಆಕೆಯ ಹತ್ತಿರ ಒಂದು ಉತ್ತರ ತಯಾರಿರುತ್ತಿತ್ತು. ತುಳಸಾಬಾಯಿಗೆ ಸಂಶಯ ಹೆಚ್ಚುತ್ತಿದ್ದದ್ದೇ ಅದರಿಂದ.

ಗಂಡನ ಮುಂದೆ ಹೇಳಿದರು: "ಡಾಕ್ಟರು ಪಾಲಕ, ಮೆಂತ್ಯ ತಿನ್ನಬ್ಯಾಡ ಅಂದಾರೇನು? ಇಲ್ಲ. ಅಳತಿಲೆ ತಿನ್ರಿ ಅಂದಾರ. ಇದೊಂದನ್ನ ಮುಟ್ಟಬ್ಯಾಡ ಅಂತ ಅಕಿಗೆ ಯಾರು ಹೇಳಿದ್ರು?"

ಜಯತೀರ್ಥರಾಯರು ಪೇಪರಿನಿಂದ ತಲೆ ಎತ್ತಲಿಲ್ಲ. "ಇಂಟರ್ನೆಟ್ಟಿನ್ಯಾಗ ಓದ್ಯಾಳ ಬಿಡು."

"ಇಂಟರ್ನೆಟ್ಟಿನ್ಯಾಗ ಅತ್ತಿ ಮಾವಗ ಕೊಡಬ್ಯಾಡ ಅಂತ ಬರದಿರ್ತದೇನು?"

"ಅಕಿ ಸೊಪ್ಪು ಅಕಿ ತಿನ್ಲಿ. ನೀ ಯಾಕ ಅದರ ಹಿಂದ ಬಿದ್ದೀ?"

ತುಳಸಾಬಾಯಿ ಬಿಡಲಿಲ್ಲ. ಕಾಚಿಗುಡದಲ್ಲಿದ್ದಾಗಿನ ರೂಢಿಯಂತೆ ತಿಂಗಳಿಗೊಮ್ಮೆ ಬೇಗಂ ಬಜಾರಿನ ಪರಿಚಯದ ಕಿರಾಣಿ ಅಂಗಡಿಗೆ ಹೋಗಿ ಇಂಗು, ಬೆಲ್ಲ, ಮೆಣಸಿನಕಾಯಿ ತರುತ್ತಿದ್ದರು. ಆ ಸಲ ಹೋಗುವಾಗ ಟಬ್ಬಿನ ಒಂದು ಕುಡಿ ಚಿವುಟಿ ಒದ್ದೆ ಕರವಸ್ತ್ರದಲ್ಲಿ ಸುತ್ತಿಕೊಂಡರು. ಅಂಗಡಿಯ ಮುದುಕ ಎಲೆ ಮೂಸಿ, ಕಚ್ಚಿ ನೋಡಿ ಹೇಳಿದ: "ಹಲೀಮ್ ಕೀ ಜಾತ್ ಹೈ ಅಮ್ಮಾ. ಪಾನೀವಾಲಾ ಹಲೀಮ್."

ತುಳಸಾಬಾಯಿ ಕೈ ಹಿಂದೆಗೆದರು. ರಮಜಾನಿನಲ್ಲಿ ಹೋಟೆಲುಗಳ ಮುಂದೆ ದೊಡ್ಡ ಹಂಡೆಗಳಲ್ಲಿ ಕುದಿಯುವ ಮಾಂಸದ ಹಲೀಮು ಕಣ್ಣ ಮುಂದೆ ಬಂತು. ಮುದುಕ ನಕ್ಕು, ಒಳಗಿನಿಂದ ಒಂದು ಹಿಡಿ ಕೆಂಪು ಬೀಜ ತಂದು ಅವರ ಅಂಗೈಗೆ ಹಾಕಿ, ತಾನು ಹಲೀಮ್ ಅಂದದ್ದು ಇದಕ್ಕೆ ಎಂದ. ನೋಡಿದರೆ ಅಳ್ವಿ! ಬಾಣಂತಿಯರಿಗೆ ಹಾಲಿನಲ್ಲಿ ಕುದಿಸಿ, ಬೆಲ್ಲ ಹಾಕಿ ಕೊಡುವ ಅಳ್ವಿ. ನಚಿಕೇತ ಹುಟ್ಟಿದಾಗ ಅವರ ಅವ್ವ ತಿಂಗಳುಗಟ್ಟಲೆ ಇದನ್ನೇ ಕುಡಿಸಿದ್ದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರ ಮನಸ್ಸು ಗಟ್ಟಿಯಾಯಿತು. ಪಾನೀವಾಲಾ ಹಲೀಮ್ ಅಂದರೆ ನೀರಳ್ವಿ. ಬಾಣಂತಿಯ ಎಲುಬಿಗೆ ಶಕ್ತಿ ಕೊಡುವ ವಸ್ತು ಎದೆ ಕೊಯ್ಸಿಕೊಂಡ ಮನುಷ್ಯನಿಗೆ ಹೇಗೆ ಕೆಡುಕು ಮಾಡೀತು? ಸೊಸೆಗೆ ಒಳ್ಳೆಯದೆಲ್ಲ ತನ್ನ ಡಬ್ಬಿಗೇ ಬೇಕು. ಗುಳಿಗೆಯ ಹೆಸರು ಹೇಳಿದರೆ ಮುದುಕರು ಹೆದರಿ ಸುಮ್ಮನಿರುತ್ತಾರೆಂಬ ಲೆಕ್ಕ.

ಮರುದಿನ ಇಬ್ಬರೂ ಕ್ಯಾಬು ಹತ್ತಿದ ಮೇಲೆ ತುಳಸಾಬಾಯಿ ಒಂದು ಹಿಡಿ ಸೊಪ್ಪು ಚಿವುಟಿದರು. ಸಣ್ಣಗೆ ಹೆಚ್ಚಿ, ಶೇಂಗಾಪುಡಿ, ಮೊಸರು ಕಲಸಿ, ಇಂಗಿನ ಒಗ್ಗರಣೆ ಕೊಟ್ಟು ಪಚಡಿ ಮಾಡಿದರು. ಜಯತೀರ್ಥರಾಯರು ಜೋಳದ ಭಕ್ಕರಿಯ ಜೊತೆ ಒಂದು ತುತ್ತು ತಿಂದು ನಿಂತರು.

"ಏನಿದು?"

"ಮೂಲಂಗಿ ಎಲಿ. ಎಳೀವು ಸಿಕ್ಕಿದ್ವು."

"ಮೂಗಿನ ತನಕಾ ಹತ್ತಿತು ನೋಡು." ಅವರ ಕಣ್ಣಲ್ಲಿ ನೀರಾಡಿತ್ತು. "ಆಪರೇಶನ್ ಆದ ಮ್ಯಾಲೆ ಬಾಯಿಗೆ ರುಚಿನೇ ಇದ್ದಿಲ್ಲ. ಇನ್ನಷ್ಟು ಹಾಕು."

ಆಸ್ಪತ್ರೆಯಿಂದ ಬಂದ ಮೇಲೆ ಆ ಮನುಷ್ಯ 'ಇನ್ನಷ್ಟು ಹಾಕು' ಅಂದದ್ದು ಅದೇ ಮೊದಲು. ತುಳಸಾಬಾಯಿ ಬಟ್ಟಲು ಬಳಿದು ಹಾಕಿದರು. ಅಂದಿನಿಂದ ಮಧ್ಯಾಹ್ನದ ಊಟಕ್ಕೆ ಪಚಡಿ ಖಾಯಂ ಆಯಿತು. ಸಂಜೆ ಸೊಸೆ ಬರುವ ಮೊದಲು ಬಟ್ಟಲು ತೊಳೆದು, ಟಬ್ಬಿನಲ್ಲಿ ಬೋಳಾದ ಕಡೆ ಉಳಿದ ದಂಟುಗಳನ್ನು ಸರಿಸಿ ಮುಚ್ಚುತ್ತಿದ್ದರು.

ಎಷ್ಟು ಮುಚ್ಚಿದರೂ ಹರ್ಷದಾಳ ಕಣ್ಣು ತಪ್ಪಲಿಲ್ಲ. ಒಂದು ರವಿವಾರ ಆಕೆ ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತು ದಂಟುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಕತ್ತರಿಯಿಂದ ಕತ್ತರಿಸಿದ್ದಲ್ಲ, ಉಗುರಿನಿಂದ ಚಿವುಟಿದ್ದು. ಪಕ್ಕದಲ್ಲೇ ಸಾಬಮ್ಮ ಪಾತ್ರೆ ತಿಕ್ಕುತ್ತಿದ್ದಳು. ಯಾದಗಿರಿ ಕಡೆಯ ಹೆಂಗಸು. ಗಂಡ ಎದುರಿನ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿದ್ದ.

"ಸಾಬಮ್ಮ, ಇದರಾಗಿಂದ ಸೊಪ್ಪು ಒಯ್ದಿಯೇನು?"

"ನಾನ್ಯಾಕ ಒಯ್ಯಲ್ರಿ ಅಕ್ಕಾ? ಅದನ್ನ ಹ್ಯಾಂಗ ತಿಂತಾರ ಅನ್ನೂದರ ನನಗೇನು ಗೊತ್ತೈತಿ?"

"ಒಯ್ದಿದ್ರ ಒಯ್ದೀನಿ ಅನ್ನು. ಸಿಟ್ಟಿಗೇಳಂಗಿಲ್ಲ. ಹಿಂದಿನ ಬಾಲ್ಕನಿಗೆ ನಿನ್ನ ಬಿಟ್ರ ಯಾರು ಬರ್ತಾರ ಹೇಳು."

ಸಾಬಮ್ಮ ತಿಕ್ಕುವುದನ್ನು ನಿಲ್ಲಿಸಿದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ತುಳಸಾಬಾಯಿಯ ಕಡೆ ನೋಡಿದಳು. ಅವರು ದಿನಾ ಸೊಪ್ಪು ಚಿವುಟುವುದನ್ನೂ ಪಚಡಿಯ ಬಟ್ಟಲು ತೊಳೆದಿಡುವುದನ್ನೂ ಆಕೆ ಕಂಡಿದ್ದಳು. "ಅವ್ವಾರ, ನೀವರ ಹೇಳ್ರಿ."

ತುಳಸಾಬಾಯಿ ಒಲೆಯ ಕಡೆ ತಿರುಗಿದರು. "ಸಾರು ಉಕ್ಕಲಿಕ್ಕತ್ತದ" ಅಂದರು.

ಸಾಬಮ್ಮ ಉಳಿದ ಪಾತ್ರೆಗಳನ್ನು ತೊಳೆದು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಹೋದಳು. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಚಾಕರಿಗೆ ಇನ್ನೊಬ್ಬಳು ಸಿಗದೆ ಮನೆಯಲ್ಲಿ ಸಿಡಿಮಿಡಿ ಶುರುವಾಯಿತು. ನಚಿಕೇತ ಬಟ್ಟೆ ಒಣಹಾಕಬೇಕಾಯಿತು, ಹರ್ಷದಾ ಕ್ಯಾಬಿಗೆ ತಡವಾಗಿ ಓಡಿದಳು, ತುಳಸಾಬಾಯಿಯ ಸೊಂಟ ಹಿಡಿದುಕೊಂಡಿತು.

"ಒಂದು ಹಿಡಿ ಸೊಪ್ಪಿನ ಸಲುವಾಗಿ ಕೆಲಸದಾಕಿನ್ನ ಓಡಿಸಿದಿ" ಎಂದ ನಚಿಕೇತ.

"ನಾ ಓಡಿಸಲಿಲ್ಲ, ಕೇಳಿದೆ. ಸೊಪ್ಪು ಇನ್ನೂ ಹೋಗ್ಲಿಕ್ಕತ್ತದ ನಚೀ. ಸಾಬಮ್ಮ ಬಿಟ್ಟು ವಾರ ಆತು."

ಈ ಮಾತನ್ನು ಹೇಳುವಾಗ ಹರ್ಷದಾ ಅತ್ತೆಯ ಕಡೆ ನೋಡಿರಲಿಲ್ಲ. ಆದರೂ ತುಳಸಾಬಾಯಿ ಎತ್ತಿದ ತುತ್ತನ್ನು ತಿರುಗಿ ತಟ್ಟೆಗೆ ಇಟ್ಟರು. ಆಕೆಗೆ ಗೊತ್ತಾಗಿದೆಯೇ? ಗೊತ್ತಾಗಿದ್ದರೆ ಯಾಕೆ ಕೇಳುವುದಿಲ್ಲ? ಎರಡು ದಿನ ಪಚಡಿ ಮಾಡಲಿಲ್ಲ. ಮೂರನೆಯ ದಿನ ಗಂಡನೇ ಕೇಳಿದರು: "ಮೂಲಂಗಿ ಸಿಗಲಿಲ್ಲೇನು?" ಮತ್ತೆ ಮಾಡಿದರು.

ಸಂಕ್ರಾಂತಿ ಕಳೆದ ಮೇಲೆ, ಆ ತಿಂಗಳ ರಕ್ತದ ಪರೀಕ್ಷೆಗೆ ಇನ್ನೂ ಕೆಲವು ದಿನ ಇರುವಾಗಲೇ, ಒಂದು ಮಧ್ಯಾಹ್ನ ಜಯತೀರ್ಥರಾಯರ ಕೈಯಿಂದ ಭಕ್ಕರಿಯ ಚೂರು ತಟ್ಟೆಗೆ ಬಿತ್ತು. ಎತ್ತಲು ಹೋದರು; ಬೆರಳು ಮಾತು ಕೇಳಲಿಲ್ಲ. "ಏನಾತ್ರಿ?" ಅಂದರೆ ಬಾಯಿಯಿಂದ ಬಂದದ್ದು ಮಾತಲ್ಲ, ತೊದಲು. ತುಟಿಯ ಒಂದು ಮೂಲೆ ಕೆಳಗೆ ಜಗ್ಗಿತ್ತು. ತುಳಸಾಬಾಯಿ ಕೂಗಿದ ಕೂಗಿಗೆ ಎದುರು ಮನೆಯವರು ಬಂದರು, ವಾಚ್‌ಮನ್ ಬಂದ. ಕುರ್ಚಿಯಲ್ಲೇ ಎತ್ತಿಕೊಂಡು ಲಿಫ್ಟಿಗೆ ಒಯ್ದರು.

ಆಸ್ಪತ್ರೆಗೆ ನಚಿಕೇತ ಓಡಿ ಬಂದಾಗ ತುಳಸಾಬಾಯಿ ಅವನ ತೋಳು ಹಿಡಿದು ಮೊದಲು ಹೇಳಿದ ಮಾತು ಇದು: "ಗುಳಿಗಿ ಡಬ್ಬಿ ತುಂಬೋದು ಅಕೀನೇ. ಏನು ತುಂಬ್ಯಾಳೋ ನೋಡು."

ಅದನ್ನು ಅವರು ನಿಜವೆಂದೇ ನಂಬಿದ್ದರು. ಆ ಹೊತ್ತಿನ ತನಕ ಪಚಡಿಯ ನೆನಪು ಅವರ ಹತ್ತಿರ ಸುಳಿದಿರಲಿಲ್ಲ. ಮನೆಗೆ ಹೋಗಿ ಹಿಂದೆಯೇ ಬಂದ ಹರ್ಷದಾ ಬ್ಯಾಗಿನಿಂದ ಡಬ್ಬಿ ತೆಗೆದು ನರ್ಸಿನ ಕೈಗೆ ಕೊಟ್ಟಳು. ಅತ್ತೆಯ ಮಾತು ಆಕೆಗೆ ಕೇಳಿಸಿತ್ತು. ನರ್ಸು ಒಂದೊಂದಾಗಿ ಎಣಿಸಿ ನೋಡುವ ತನಕ ಅಲ್ಲೇ ನಿಂತಳು. ಗುಳಿಗೆ ಸರಿಯಾಗಿದ್ದವು.

ದೇವರ ದಯೆ, ಸಂಜೆಯ ಹೊತ್ತಿಗೆ ರಾಯರ ತುಟಿ ನೆಟ್ಟಗಾಯಿತು, ಮಾತು ತಿರುಗಿತು. ಬೆರಳುಗಳಲ್ಲಿ ಮಾತ್ರ ಜೋಮು ಉಳಿಯಿತು. ಸಣ್ಣ ಹೆಪ್ಪೊಂದು ಮಿದುಳಿಗೆ ಹೋಗಿ ಕರಗಿದೆ, ಈ ಸಲ ಪಾರಾದರು ಎಂದರು ಡಾಕ್ಟರು. ಮರುದಿನ ಬೆಳಿಗ್ಗೆ ರೌಂಡಿಗೆ ಬಂದಾಗ ರಿಪೋರ್ಟು ನೋಡುತ್ತ ತೆಲುಗಿನಲ್ಲಿ ಕೇಳಿದರು: ರಕ್ತ ಇಷ್ಟು ದಪ್ಪ ಹೇಗಾಯಿತು? ಗುಳಿಗೆ ತಪ್ಪಿಸಿದ್ದಾರೆಯೇ? ಊಟದಲ್ಲಿ ಹೊಸದೇನಾದರೂ? ಹಸಿರು ಸೊಪ್ಪು ಒಮ್ಮೆಲೇ ಹೆಚ್ಚು ಮಾಡಿದ್ದೀರಾ? ಅದು ಈ ಗುಳಿಗೆಯ ಕೆಲಸವನ್ನೇ ಕೆಡಿಸುತ್ತದೆ.

ತುಳಸಾಬಾಯಿಗೆ ಪಚಡಿಯ ಬಟ್ಟಲು ನೆನಪಾಯಿತು.

ನಚಿಕೇತ ಹೆಂಡತಿಯ ಕಡೆ ತಿರುಗಿದ. "ನಿನ್ನ ಆ ಸೊಪ್ಪು ಅಪ್ಪಗ ಕೊಟ್ಟಿಯೇನು?"

"ಇಲ್ಲ."

"ಮನ್ಯಾಗ ಬ್ಯಾರೆ ಯಾರು ಬೆಳಸ್ಯಾರ? ನಿಜ ಹೇಳು."

"ಇಲ್ಲಂದೆನಲ್ಲ ನಚೀ. ಬ್ಯಾಡ ಅಂತ ಮೊದಲು ಹೇಳಿದಾಕಿನೇ ನಾನು."

ಡಾಕ್ಟರಿಗೆ ಇವರ ಕನ್ನಡ ತಿಳಿಯಲಿಲ್ಲ. ನಚಿಕೇತ ಅತ್ತ ತಿರುಗಿ ಊಟದಲ್ಲಿ ಏನೂ ಬದಲಾಗಿಲ್ಲ ಎಂದ. ಡಾಕ್ಟರು ಪೆನ್ನು ತೆಗೆದರು. ಹಾಗಾದರೆ ಈ ಗುಳಿಗೆ ಇವರಿಗೆ ಸಾಲುತ್ತಿಲ್ಲ, ಇಂದಿನಿಂದ ಹೆಚ್ಚಿಸುತ್ತೇನೆ ಎಂದರು. ಹರ್ಷದಾ ಒಂದು ಹೆಜ್ಜೆ ಮುಂದೆ ಬಂದು ಕೇಳಿದಳು: ಒಂದು ವೇಳೆ ಸೊಪ್ಪು ತಿಂದಿದ್ದು, ಈಗ ಅದನ್ನು ಬಿಟ್ಟು, ಗುಳಿಗೆ ಹೆಚ್ಚಾದರೆ?

"ಆಗ ರಕ್ತ ಅತಿ ತೆಳುವಾಗುತ್ತದೆ. ತಲೆಯೊಳಗೆ ಸೋರಿದರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ತಿಂದಿಲ್ಲ ತಾನೆ?"

ಹರ್ಷದಾ ಅತ್ತೆಯ ಕಡೆ ತಿರುಗಿ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು: "ಅತ್ತಿ, ನನಗ ಹೇಳಬ್ಯಾಡ್ರಿ. ಡಾಕ್ಟರಿಗೆ ಹೇಳ್ರಿ."

ತುಳಸಾಬಾಯಿಗೆ ತೆಲುಗು ಬರುತ್ತಿತ್ತು. ಮೂವತ್ತೈದು ವರ್ಷ ತರಕಾರಿಯವಳ ಜೊತೆ, ನೆರೆಯವರ ಜೊತೆ ಆಡಿದ ತೆಲುಗು. ಆದರೆ ಆಗ ಒಂದು ಶಬ್ದವೂ ನಾಲಿಗೆಗೆ ಬರಲೊಲ್ಲದು. ಎರಡೂ ಕೈ ಕೂಡಿಸಿ ಬಟ್ಟಲಿನ ಆಕಾರ ಮಾಡಿ ತೋರಿಸಿದರು. "ರೋಜೂ" ಅಂದರು. ದಿನಾ. "ನೇನೇ." ನಾನೇ.

ಡಾಕ್ಟರು ಎಷ್ಟು ದಿನದಿಂದ, ಎಷ್ಟೆಷ್ಟು ಎಂದು ಕೇಳಿದರು. ತುಳಸಾಬಾಯಿ ಹೇಳುತ್ತ ಹೋದರು. ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು, ಗದರಲಿಲ್ಲ. ಆಮೇಲೆ ಹೊರಗೆ ಹೋದರು. ಮಂಚದ ಮೇಲಿಂದ ಜಯತೀರ್ಥರಾಯರು ಹೆಂಡತಿಯನ್ನೇ ನೋಡುತ್ತಿದ್ದರು.

"ಮೂಲಂಗಿ ಅಂದಿದ್ದಿ" ಎಂದರು.

ಅಷ್ಟೇ. ಬೈದಿದ್ದರೆ ತುಳಸಾಬಾಯಿಗೆ ಅಳಲು ಆಗುತ್ತಿತ್ತು.

ನಚಿಕೇತ ಹೆಂಡತಿಯ ಹೆಗಲಿಗೆ ಕೈ ಇಡಲು ಹೋದ. ಆಕೆ ಸರಿದು ನಿಂತಳು. "ನೀ ಮೊದಲು ನನ್ನ ಕಡೆ ತಿರುಗಿದಿ ನಚೀ" ಎಂದು ಬಿಲ್ಲಿನ ಕೌಂಟರಿಗೆ ಹೋದಳು.

ರಾಯರು ಮನೆಗೆ ಬಂದ ಮೇಲೆ ಹರ್ಷದಾ ಟಬ್ಬು, ಪಂಪು ಎತ್ತಿಕೊಂಡು ಹೋಗಿ ತನ್ನ ಕೋಣೆಯ ಬಾಲ್ಕನಿಯಲ್ಲಿ ಇಟ್ಟುಕೊಂಡಳು. ಆಫೀಸಿಗೆ ಹೋಗುವಾಗ ಕೋಣೆಗೆ ಬೀಗ. ಈ ಮನೆಯಲ್ಲಿ ಒಳಬಾಗಿಲಿಗೆ ಬೀಗ ಬಿದ್ದದ್ದು ಅದೇ ಮೊದಲು.

ತುಳಸಾಬಾಯಿ ಒಂದು ಬೆಳಿಗ್ಗೆ ಎದುರಿನ ಕಟ್ಟಡದ ಹಿಂದಿನ ತಗಡಿನ ಶೆಡ್ಡುಗಳ ನಡುವೆ ಹುಡುಕಿಕೊಂಡು ಸಾಬಮ್ಮನ ಹತ್ತಿರ ಹೋದರು. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಬಾರವಾ. ಸೊಪ್ಪು ತಗೊಂಡಾಕಿ ನಾನು ಅಂತ ಎಲ್ಲಾರ ಮುಂದ ಹೇಳೀನಿ."

"ನನ್ನ ಮುಂದ ಹೇಳಲಿಲ್ಲಲ್ರಿ ಅವ್ವಾರ." ಸಾಬಮ್ಮ ರೊಟ್ಟಿ ತಿರುವಿ ಹಾಕಿದಳು. "ನಾ ಬ್ಯಾರೆ ಎರಡು ಮನಿ ಹಿಡದೀನಿ. ಕುಂದರ್ರಿ, ಚಾ ಕುಡೀರಿ."

ತುಳಸಾಬಾಯಿ ಕೂತರು. ಹೊರಗಿನ ಚಾ ಎಂದೂ ಕುಡಿಯದವರು ಆಕೆ ಕೊಟ್ಟ ಲೋಟ ಖಾಲಿ ಮಾಡಿ, ಒಬ್ಬರೇ ತಿರುಗಿ ಬಂದು, ಒಬ್ಬರೇ ಪಾತ್ರೆ ತಿಕ್ಕಿದರು.

ಅಡಿಗೆ ಅವರ ಕೈಯಲ್ಲೇ ಉಳಿಯಿತು. ಆದರೆ ಬೆಳಿಗ್ಗೆ ಕ್ಯಾಬಿಗೆ ಹೊರಡುವ ಮೊದಲು ಹರ್ಷದಾ ಅಡಿಗೆಮನೆಗೆ ಬಂದು ಮಾವನ ಮಧ್ಯಾಹ್ನದ ಪಾತ್ರೆಗಳ ಮುಚ್ಚಳ ತೆಗೆದು ನೋಡತೊಡಗಿದಳು. ಪಲ್ಯದಲ್ಲಿ ಏನಿದೆ, ತೊವ್ವೆಗೆ ಯಾವ ಸೊಪ್ಪು, ಎಷ್ಟು. ಮೊದಲ ದಿನ ತುಳಸಾಬಾಯಿಯ ಮೈ ಉರಿಯಿತು. "ವಿಷ ಹಾಕೀನೇನು ನೋಡ್ಲಿಕ್ಕೆ?" ಅಂದರು.

"ನನಗ ಗೊತ್ತಿಲ್ರಿ ಅತ್ತಿ" ಅಂದಳು ಹರ್ಷದಾ. ವ್ಯಂಗ್ಯವಿರಲಿಲ್ಲ, ಗೊತ್ತಿಲ್ಲದವರು ಹೇಳುವ ಹಾಗೆ ಹೇಳಿದಳು.

ರಕ್ತದ ಮುಂದಿನ ಪರೀಕ್ಷೆ ಚೆನ್ನಾಗಿ ಬಂತು. ಆದರೂ ನೋಡುವುದು ನಿಲ್ಲಲಿಲ್ಲ.

ಒಂದು ಏಕಾದಶಿಯ ಮರುದಿನ, ದ್ವಾದಶಿ. ರಾಯರಿಗೆ ಬೆಳಿಗ್ಗೆ ಬೇಗ ಉಪವಾಸ ಮುರಿಯುವ ಪಾರಣೆಯ ಊಟ. ತುಳಸಾಬಾಯಿ ಮಡಿಯುಟ್ಟು ಅಡಿಗೆ ಮುಗಿಸಿ ನೈವೇದ್ಯಕ್ಕೆ ತಯಾರಾಗಿದ್ದರು. ಮಡಿಯ ಅಡಿಗೆ, ಮಡಿಯಲ್ಲಿಲ್ಲದವರು ಒಲೆಯ ಹತ್ತಿರ ಹಾಯುವಂತಿಲ್ಲ. ಹರ್ಷದಾ ಆಫೀಸಿನ ಬಟ್ಟೆಯಲ್ಲಿ, ಹೆಗಲಿಗೆ ಬ್ಯಾಗು ಹಾಕಿಕೊಂಡು ಹೊಸ್ತಿಲಾಚೆ ನಿಂತಳು. ಒಳಗೆ ಬರಲೂ ಇಲ್ಲ, ಹೋಗಲೂ ಇಲ್ಲ. ಕೆಳಗೆ ಕ್ಯಾಬಿನ ಹಾರ್ನು ಕೇಳಿಸಿತು.

ತುಳಸಾಬಾಯಿ ಒಮ್ಮೆ ದೇವರ ಕಡೆ, ಒಮ್ಮೆ ಸೊಸೆಯ ಕಡೆ ನೋಡಿದರು. ಆಮೇಲೆ ಹುಳಿಯ ಪಾತ್ರೆಯನ್ನು ಸೆರಗಿನಿಂದ ಹಿಡಿದೆತ್ತಿ ಹೊಸ್ತಿಲ ತನಕ ತಂದು, ತಾವೇ ಮುಚ್ಚಳ ತೆಗೆದು ಆಕೆಯ ಮುಂದೆ ಹಿಡಿದರು.

"ಮೈಲಿಗಿ ಆಗ್ತದಲ್ರಿ" ಎಂದಳು ಹರ್ಷದಾ.

"ಆಗ್ಲಿ. ನೋಡು."

ಹರ್ಷದಾ ಅನುಮಾನಿಸಿದಳು. ಆಮೇಲೆ ಸೌಟು ತೆಗೆದುಕೊಂಡು ಪಾತ್ರೆಯ ತಳದ ತನಕ ಇಳಿಸಿ, ಮೆಲ್ಲಗೆ ತಿರುವಿ, ಬಂದದ್ದನ್ನು ಬೆಳಕಿಗೆ ಎತ್ತಿ ನೋಡಿದಳು.

"ಯಾಕ ತಡಾ?" ಎಂದರು ಜಯತೀರ್ಥರಾಯರು ಹಾಲ್‌ನಿಂದ.

ಬಿಸಿ ಪಾತ್ರೆ ಅಂಗೈ ಸುಡುತ್ತಿತ್ತು. ತುಳಸಾಬಾಯಿ ಅಲುಗಾಡದೆ ನಿಂತರು. "ತಡೀರಿ" ಎಂದರು. "ನಿಮ್ಮ ಸೊಸಿ ಇನ್ನೂ ನೋಡ್ಲಿಕ್ಕತ್ತಾಳ."